ಯಾರು ಯಾರನ್ನು ಇಳಿಸಬಲ್ಲರು? ಪ್ರಜಾಪ್ರಭುತ್ವಗಳ ಆಡಳಿತ ಪದ್ಧತಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಜಕೀಯದ ಮಾತು ಬಂದಾಗಲೆಲ್ಲ ‘ಆ ದೇಶದಲ್ಲಿ ಹೀಗಂತೆ, ಈ ದೇಶದಲ್ಲಿ ಹಾಗಂತೆ’ ಎಂದು ಯಾರಾದರೊಬ್ಬರು ಶುರು ಮಾಡುತ್ತಾರೆ. ಆ ಅಂತೆಕಂತೆಗಳ ಹಿಂದಿರುವ ಪ್ರಶ್ನೆಗಳನ್ನು, ಕೇಳಿದವರ ಧಾಟಿಯಲ್ಲೇ, ಸುಲಭದ್ದರಿಂದ ಕಠಿಣದ್ದರ ಕಡೆಗೆ ಜೋಡಿಸಿದ್ದೇನೆ. ಯಾವ ಪ್ರಶ್ನೆಯನ್ನಾದರೂ ಬಿಡಿಯಾಗಿ ಓದಬಹುದು.

## ಬುನಾದಿ

ಪ್ರಧಾನಿ ಇರೋ ದೇಶಕ್ಕೂ ಅಧ್ಯಕ್ಷರು ಇರೋ ದೇಶಕ್ಕೂ ನಿಜವಾದ ವ್ಯತ್ಯಾಸ ಏನು?

ಹುದ್ದೆಯ ಹೆಸರನ್ನು ನಂಬಿದರೆ ದಾರಿ ತಪ್ಪುತ್ತೀರಿ. ಜರ್ಮನಿಯಲ್ಲೂ ಭಾರತದಲ್ಲೂ ರಾಷ್ಟ್ರಪತಿ ಇದ್ದಾರೆ, ಆದರೆ ಆಳುವವರು ಅವರಲ್ಲ. ದಕ್ಷಿಣ ಆಫ್ರಿಕಾದಲ್ಲಿ ಪ್ರಧಾನಿ ಹುದ್ದೆಯೇ ಇಲ್ಲ, ಅಧ್ಯಕ್ಷರೇ ಎಲ್ಲ. ಹಾಗೆಂದು ಅದು ಅಮೆರಿಕದಂಥ ವ್ಯವಸ್ಥೆಯೂ ಅಲ್ಲ. ಅಲ್ಲಿನ ಅಧ್ಯಕ್ಷರನ್ನು ಆರಿಸುವುದು 400 ಸದಸ್ಯರ ನ್ಯಾಷನಲ್ ಅಸೆಂಬ್ಲಿ. ಅದೇ ಸಭೆ ಅವಿಶ್ವಾಸ ನಿರ್ಣಯ ತಂದು ಅವರನ್ನು ಇಳಿಸಲೂಬಹುದು. 2008ರಲ್ಲಿ ಥಾಬೊ ಎಂಬೆಕಿ, 2018ರಲ್ಲಿ ಜೇಕಬ್ ಜುಮಾ ತಮ್ಮದೇ ಪಕ್ಷ ‘ಸಾಕು, ಇಳಿಯಿರಿ’ ಎಂದಾಗ ರಾಜೀನಾಮೆ ಕೊಟ್ಟರು.

ಕೇಳಬೇಕಾದ ಪ್ರಶ್ನೆ ಒಂದೇ: ಆಡಳಿತದ ಮುಖ್ಯಸ್ಥರನ್ನು ಅವಧಿಯ ನಡುವೆ, ಯಾವ ಅಪರಾಧವನ್ನೂ ಹೊರಿಸದೆ, ಬರೀ ‘ನಿಮ್ಮ ಮೇಲೆ ನಮಗೆ ವಿಶ್ವಾಸವಿಲ್ಲ’ ಎಂದು ಶಾಸಕಾಂಗ ಇಳಿಸಬಹುದೇ? ಇಳಿಸಬಹುದಾದರೆ ಅದು ಸಂಸದೀಯ ಪದ್ಧತಿ. ಆಗದಿದ್ದರೆ ಅಧ್ಯಕ್ಷೀಯ ಪದ್ಧತಿ. ಅಮೆರಿಕದ ಅಧ್ಯಕ್ಷರು ಎಷ್ಟೇ ಅಪ್ರಿಯರಾದರೂ ನಾಲ್ಕು ವರ್ಷ ಭದ್ರ. ಬ್ರಿಟನ್ನಿನ ಪ್ರಧಾನಿಗೆ ಆ ಭಾಗ್ಯವಿಲ್ಲ. 2022ರಲ್ಲಿ ಲಿಜ್ ಟ್ರಸ್ ಎರಡು ತಿಂಗಳೂ ಪೂರೈಸದೆ ಮನೆಗೆ ಹೋದರು, ಅದೂ ಸ್ವಪಕ್ಷದವರ ಒತ್ತಡಕ್ಕೆ.

ರಾಜ ರಾಣಿಯರು ಇದ್ದೂ ಅದನ್ನು ಪ್ರಜಾಪ್ರಭುತ್ವ ಅನ್ನೋದು ಹೇಗೆ?

ಅವರ ಕೈಯಲ್ಲಿ ನಿರ್ಧಾರ ಇಲ್ಲವಾದ್ದರಿಂದ. ಸ್ವೀಡನ್ನಿನ 1974ರ ಸಂವಿಧಾನ ಪ್ರಧಾನಿಯ ಹೆಸರು ಸೂಚಿಸುವ ಕೆಲಸವನ್ನೂ ರಾಜನಿಂದ ಕಿತ್ತು ಸಂಸತ್ತಿನ ಸ್ಪೀಕರ್‌ಗೆ ಕೊಟ್ಟಿತು. ಎಲ್ಲ ಕಡೆ ಇಷ್ಟು ಸ್ಪಷ್ಟವಿಲ್ಲ. ಆಸ್ಟ್ರೇಲಿಯಾದಲ್ಲಿ 1975ರ ನವೆಂಬರ್ 11ರಂದು ರಾಣಿಯ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಜಾನ್ ಕೆರ್, ಕೆಳಮನೆಯಲ್ಲಿ ಬಹುಮತವಿದ್ದ ಪ್ರಧಾನಿ ಗಫ್ ವಿಟ್ಲಮ್ ಅವರನ್ನೇ ವಜಾ ಮಾಡಿದರು. ಸೆನೆಟ್ ಬಜೆಟ್ಟನ್ನು ತಡೆಹಿಡಿದಿತ್ತು ಎಂಬುದು ಕೊಟ್ಟ ಕಾರಣ. ಬಳಸದೆ ಬಿದ್ದಿರುವ ಅಧಿಕಾರವೂ ಅಧಿಕಾರವೇ ಎಂದು ಆ ದಿನ ಗೊತ್ತಾಯಿತು.

ಅಮೆರಿಕದಲ್ಲಿ ಮಂತ್ರಿಗಳು ಸಂಸದರೇ ಅಲ್ಲವಂತೆ?

ಹೌದು, ಆಗಿರುವಂತೆಯೇ ಇಲ್ಲ. ಕಾಂಗ್ರೆಸ್ ಸದಸ್ಯರು ಮಂತ್ರಿಯಾಗಬೇಕಾದರೆ ಸದಸ್ಯತ್ವ ಬಿಡಬೇಕು. ಇದು ಅಧ್ಯಕ್ಷೀಯ ಪದ್ಧತಿಗೆ ಮಾತ್ರ ಅಂಟಿದ ಗುಣ ಎಂದುಕೊಳ್ಳಬೇಡಿ. ನೆದರ್ಲೆಂಡ್ಸ್, ನಾರ್ವೆಗಳು ಅಪ್ಪಟ ಸಂಸದೀಯ ದೇಶಗಳು, ಅಲ್ಲಿಯೂ ಮಂತ್ರಿಯಾದವರು ಸಂಸತ್ತಿನಲ್ಲಿ ಮತ ಹಾಕುವ ಸದಸ್ಯರಾಗಿ ಮುಂದುವರಿಯುವುದಿಲ್ಲ. ಭಾರತದಲ್ಲಿ ಇದಕ್ಕೆ ತದ್ವಿರುದ್ಧ: ಆರು ತಿಂಗಳೊಳಗೆ ಯಾವುದಾದರೂ ಸದನಕ್ಕೆ ಬರದಿದ್ದರೆ ಮಂತ್ರಿಗಿರಿ ಹೋಗುತ್ತದೆ.

ಪ್ರಧಾನಿಯನ್ನೂ ಜನ ನೇರವಾಗಿ ಆರಿಸಿದರೆ ಈ ಕುದುರೆ ವ್ಯಾಪಾರ ಎಲ್ಲ ನಿಲ್ಲುವುದಿಲ್ಲವೇ?

ಇಸ್ರೇಲ್ ಇದೇ ಆಸೆಯಿಂದ ಪ್ರಯೋಗ ಮಾಡಿ ಕೈ ಸುಟ್ಟುಕೊಂಡಿತು. 1992ರಲ್ಲಿ ಕಾನೂನು ತಂದು, 1996, 1999 ಮತ್ತು 2001ರಲ್ಲಿ ಪ್ರಧಾನಿಯನ್ನು ನೇರವಾಗಿ ಆರಿಸಿದರು. ಮತದಾರರ ಕೈಗೆ ಎರಡು ಮತ ಸಿಕ್ಕಿತು. ಪ್ರಧಾನಿ ಸ್ಥಾನಕ್ಕೆ ದೊಡ್ಡ ಪಕ್ಷದ ನಾಯಕ, ಸಂಸತ್ತಿಗೆ ಮಾತ್ರ ತಮ್ಮ ಜಾತಿ, ಪಂಥ, ಪ್ರದೇಶದ ಸಣ್ಣ ಪಕ್ಷ ಎಂದು ಜನ ಜಾಣತನದಿಂದ ಹಂಚಿ ಹಾಕಿದರು. 1992ರಲ್ಲಿ 120 ಸ್ಥಾನಗಳ ಪೈಕಿ ಲೇಬರ್ 44, ಲಿಕುಡ್ 32 ಗೆದ್ದಿದ್ದವು. 1999ರ ಹೊತ್ತಿಗೆ ಲೇಬರ್ ನೇತೃತ್ವದ ಕೂಟ 26ಕ್ಕೆ, ಲಿಕುಡ್ 19ಕ್ಕೆ ಇಳಿದವು. ಪ್ರಧಾನಿಗೆ ಜನಾದೇಶ ಇತ್ತು, ಸಂಸತ್ತಿನಲ್ಲಿ ಬಲ ಇರಲಿಲ್ಲ. ಚೌಕಾಶಿ ನಿಲ್ಲುವ ಬದಲು ದುಬಾರಿಯಾಯಿತು. 2001ರಲ್ಲೇ ಕಾನೂನನ್ನು ಕೈಬಿಟ್ಟರು.

ನೇರವಾಗಿ ಆರಿಸಿದವರನ್ನು ಸಂಸತ್ತು ಇಳಿಸುವಂತೆಯೂ ಇಟ್ಟರೆ ಎರಡು ಜನಾದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಇದನ್ನು ಯಾರಾದರೂ ಹೊಸ ಉಪಾಯ ಎಂದು ಮುಂದಿಟ್ಟಾಗ ನಾನು ಮೊದಲು ಈ ಮೂರು ಚುನಾವಣೆಗಳ ಲೆಕ್ಕ ತೋರಿಸುತ್ತೇನೆ.

## ಮತ ಎಷ್ಟು, ಸೀಟು ಎಷ್ಟು

ಮೂರರಲ್ಲಿ ಒಂದು ಪಾಲು ಮತ ಬಂದವರಿಗೆ ಮೂರರಲ್ಲಿ ಎರಡು ಪಾಲು ಸೀಟು! ಇದೆಂಥ ನ್ಯಾಯ?

ಇದು 2024ರ ಬ್ರಿಟನ್ ಚುನಾವಣೆಯ ಮಾತು. ಲೇಬರ್ ಪಕ್ಷಕ್ಕೆ ಬಂದದ್ದು ಸುಮಾರು ಶೇ 34 ಮತ, ಸಿಕ್ಕಿದ್ದು 650ರಲ್ಲಿ 411 ಸ್ಥಾನ. ಅದಕ್ಕಿಂತ ವಿಚಿತ್ರ ಕೆಳಗಿದೆ. ರಿಫಾರ್ಮ್ ಪಕ್ಷ ಶೇ 14ರಷ್ಟು ಮತ ಪಡೆದು 5 ಸ್ಥಾನ ಗೆದ್ದಿತು. ಅದಕ್ಕಿಂತ ಕಡಿಮೆ, ಶೇ 12ರಷ್ಟು ಮತ ಪಡೆದ ಲಿಬರಲ್ ಡೆಮಾಕ್ರಾಟರು 72 ಸ್ಥಾನ ಗೆದ್ದರು. ಮೊದಲನೆಯವರ ಮತ ದೇಶವೆಲ್ಲ ತೆಳ್ಳಗೆ ಹರಡಿತ್ತು, ಎರಡನೆಯವರದು ಬೇಕಾದಲ್ಲಿ ಗುಡ್ಡೆ ಬಿದ್ದಿತ್ತು. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದವರು ಗೆಲ್ಲುವ ಪದ್ಧತಿಯಲ್ಲಿ ಮತದ ಪ್ರಮಾಣದಷ್ಟೇ ಅದರ ಭೂಗೋಳವೂ ಮುಖ್ಯ.

ಇನ್ನೂ ಮುಂದಕ್ಕೆ ಹೋದರೆ, ಹೆಚ್ಚು ಮತ ಪಡೆದವರೇ ಸೋಲುವುದೂ ಉಂಟು. ಕೆನಡಾದಲ್ಲಿ 2019 ಮತ್ತು 2021ರಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಹೆಚ್ಚು ಮತ ಬಂತು, ಲಿಬರಲ್ ಪಕ್ಷಕ್ಕೆ ಹೆಚ್ಚು ಸ್ಥಾನ ಸಿಕ್ಕಿ ಸರ್ಕಾರ ಅವರದಾಯಿತು. ನ್ಯೂಜಿಲೆಂಡಿನಲ್ಲೂ 1978, 1981ರಲ್ಲಿ ಸತತ ಎರಡು ಸಲ ಹೀಗೇ ಆಯಿತು. ಕೆನಡಾ ಸುಮ್ಮನಿತ್ತು. ನ್ಯೂಜಿಲೆಂಡ್ ಪದ್ಧತಿಯನ್ನೇ ಬದಲಿಸಿತು. 1993ರಲ್ಲಿ ಜನಮತ ಸಂಗ್ರಹ ನಡೆಸಿ, 1996ರಿಂದ ಮಿಶ್ರ ಅನುಪಾತ ಪದ್ಧತಿಗೆ, ಅಂದರೆ ಕ್ಷೇತ್ರಗಳಲ್ಲಿ ಗೆದ್ದವರ ಜೊತೆಗೆ ಪಕ್ಷದ ಒಟ್ಟು ಮತಕ್ಕೆ ತಕ್ಕಂತೆ ಪಕ್ಷದ ಪಟ್ಟಿಯಿಂದಲೂ ಸ್ಥಾನ ತುಂಬುವ ಪದ್ಧತಿಗೆ, ಹೊರಳಿತು. 2011ರಲ್ಲಿ ಮತ್ತೆ ಕೇಳಿದಾಗಲೂ ಜನ ಹೊಸದನ್ನೇ ಉಳಿಸಿಕೊಂಡರು.

ಹಳೆಯ ಪದ್ಧತಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಆಳುವವರನ್ನು ಒಂದೇ ಏಟಿಗೆ ಹೊರಹಾಕುವ ಸುಖ ಮತದಾರರಿಗೆ ಅದರಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಅನುಪಾತ ಪದ್ಧತಿಯಲ್ಲಿ ಸೋತ ಪಕ್ಷ ಹೊಸ ಸಮ್ಮಿಶ್ರ ಸರ್ಕಾರದ ಬೆನ್ನೇರಿ ಒಳಗೆ ಬರಬಹುದು.

ಹಾಗಾದರೆ ಶೇಕಡಾವಾರು ಮತಕ್ಕೆ ಸರಿಯಾಗಿ ಸೀಟು ಹಂಚಿಬಿಟ್ಟರೆ ಮುಗೀತಲ್ಲ?

ಹಂಚಬಹುದು. ಎಲ್ಲಿ ಗೆರೆ ಎಳೆಯುತ್ತೀರಿ ಎಂಬುದೇ ಜಗಳ. ನೆದರ್ಲೆಂಡ್ಸ್‌ನಲ್ಲಿ 150 ಸ್ಥಾನಗಳ ಕೆಳಮನೆಗೆ ಬರಲು ಒಂದು ಸ್ಥಾನಕ್ಕೆ ಬೇಕಾದಷ್ಟು ಮತ, ಅಂದರೆ ಶೇ 0.67, ಸಾಕು. ಆದ್ದರಿಂದ ಅಲ್ಲಿ ಹತ್ತಾರು ಪಕ್ಷಗಳು. ಜರ್ಮನಿಯಲ್ಲಿ ಶೇ 5ರ ಗೆರೆ. 2025ರಲ್ಲಿ ಸಾರಾ ವಾಗನ್‌ಕ್ನೆಕ್ಟ್ ಅವರ ಹೊಸ ಪಕ್ಷ ಶೇ 4.98ರಷ್ಟು ಪಡೆದು, ಕೂದಲೆಳೆಯಲ್ಲಿ ತಪ್ಪಿ, ಒಂದೂ ಸ್ಥಾನವಿಲ್ಲದೆ ಹೊರಗುಳಿಯಿತು. ನಾಲ್ಕು ವರ್ಷ ಹಿಂದೆ ಶೇ 4.9 ಪಡೆದ ಎಡಪಕ್ಷ ಒಳಗೆ ಬಂದಿತ್ತು, ಏಕೆಂದರೆ ಮೂರು ಕ್ಷೇತ್ರಗಳಲ್ಲಿ ನೇರವಾಗಿ ಗೆದ್ದವರಿಗೆ ಆ ಗೆರೆಯಿಂದ ವಿನಾಯಿತಿ ಇದೆ.

ಇನ್ನೊಂದು ಬೆಲೆ ಸಮಯದ್ದು. 2010ರ ಜೂನ್ ಚುನಾವಣೆಯ ಬಳಿಕ ಪೂರ್ಣ ಪ್ರಮಾಣದ ಸರ್ಕಾರ ರಚಿಸಲು ಬೆಲ್ಜಿಯಂ 541 ದಿನ ತೆಗೆದುಕೊಂಡಿತು. ಆದರೆ ಆ ಅವಧಿಯಲ್ಲಿ ದೇಶ ಕುಸಿಯಲಿಲ್ಲ. ಹಳೆಯ ಸರ್ಕಾರ ಉಸ್ತುವಾರಿ ನೋಡಿಕೊಂಡಿತು, ಪ್ರಾಂತೀಯ ಸರ್ಕಾರಗಳು ತಮ್ಮ ಕೆಲಸ ತಾವು ಮಾಡಿಕೊಂಡು ಹೋದವು. ಇಸ್ರೇಲಿನ ಕಥೆ ಅಷ್ಟು ತಣ್ಣಗಿಲ್ಲ: 2019ರಿಂದ 2022ರೊಳಗೆ ಐದು ಸಾರ್ವತ್ರಿಕ ಚುನಾವಣೆಗಳು.

ವೋಟ್ ಹಾಕದಿದ್ದರೆ ದಂಡ ಹಾಕಿದರೆ ಜನ ಬರುತ್ತಾರಾ?

ಆಸ್ಟ್ರೇಲಿಯಾದಲ್ಲಿ ಬಂದರು. 1922ರಲ್ಲಿ ಶೇ 60ನ್ನೂ ಮುಟ್ಟದ ಮತದಾನ, 1924ರಲ್ಲಿ ಕಡ್ಡಾಯ ಮಾಡಿದ ಮೇಲೆ ನಡೆದ 1925ರ ಚುನಾವಣೆಯಲ್ಲಿ ಶೇ 91 ದಾಟಿತು. ದಂಡ ಸಣ್ಣದು, 20 ಡಾಲರ್. ನನ್ನ ಮಟ್ಟಿಗೆ ದೊಡ್ಡ ಪರಿಣಾಮ ಬೇರೆಡೆ ಇದೆ: ಎಲ್ಲರೂ ಬರುವುದು ಖಚಿತವಾದಾಗ, ತಮ್ಮ ಕಡೆಯವರನ್ನು ರೊಚ್ಚಿಗೆಬ್ಬಿಸಿ ಮತಗಟ್ಟೆಗೆ ತರುವ ಚಾಳಿಗೆ ಪಕ್ಷಗಳಲ್ಲಿ ಬೆಲೆ ಕಡಿಮೆ. ನಡುವಿನ ಮತದಾರನನ್ನು ಒಲಿಸಿಕೊಳ್ಳುವುದೇ ಲಾಭ.

## ಉರುಳುವುದು, ಉಳಿಯುವುದು

ಒಂದೇ ಒಂದು ಮತಕ್ಕೆ ಸರ್ಕಾರ ಬೀಳೋದನ್ನು ತಡೆಯಲು ಯಾವ ದೇಶವಾದರೂ ದಾರಿ ಕಂಡುಕೊಂಡಿದೆಯೇ?

ಒಂದು ಮತದ ಸೋಲು ಎಂದ ಕೂಡಲೇ ಎರಡು ಘಟನೆ ನೆನಪಾಗುತ್ತವೆ. 1979ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಜೇಮ್ಸ್ ಕ್ಯಾಲಹನ್ ಸರ್ಕಾರ 311–310ರಲ್ಲಿ ಬಿತ್ತು. 1999ರ ಏಪ್ರಿಲ್ 17ರಂದು ಭಾರತದಲ್ಲಿ ಅಟಲ ಬಿಹಾರಿ ವಾಜಪೇಯಿ ಸರ್ಕಾರ 269–270ರಲ್ಲಿ ಬಿತ್ತು. ಎರಡನೆಯದರಲ್ಲಿ ಬೀಳಿಸಿದವರೆಲ್ಲ ಸೇರಿ ಇನ್ನೊಂದು ಸರ್ಕಾರ ಕಟ್ಟಲಾಗಲಿಲ್ಲ. ದೇಶ ಮತ್ತೆ ಚುನಾವಣೆಗೆ ಹೋಯಿತು.

ಇದೇ ರೋಗಕ್ಕೆ ಜರ್ಮನಿ 1949ರ ಸಂವಿಧಾನದ 67ನೇ ವಿಧಿಯಲ್ಲಿ ಮದ್ದು ಅರೆದಿಟ್ಟಿದೆ. ಅಲ್ಲಿ ಚಾನ್ಸಲರ್ (ನಮ್ಮ ಪ್ರಧಾನಿಯಂಥವರು) ಮೇಲೆ ಬರೀ ಅವಿಶ್ವಾಸ ತೋರುವಂತಿಲ್ಲ. ಅದೇ ಮತದಾನದಲ್ಲಿ ಉತ್ತರಾಧಿಕಾರಿಯನ್ನು ಒಟ್ಟು ಸದಸ್ಯಬಲದ ಬಹುಮತದಿಂದ ಆರಿಸಬೇಕು. ಹಿಟ್ಲರ್‌ಗೆ ಮುಂಚಿನ ಜರ್ಮನಿ, ಅಂದರೆ ವೈಮಾರ್ ಗಣರಾಜ್ಯದ ಕೊನೆಯ ವರ್ಷಗಳಲ್ಲಿ ನಾಜಿಗಳೂ ಕಮ್ಯುನಿಸ್ಟರೂ ಸರ್ಕಾರ ಬೀಳಿಸಲು ಒಂದಾಗುತ್ತಿದ್ದರು, ಕಟ್ಟಲು ಆಗುತ್ತಿರಲಿಲ್ಲ. ಆ ನೆನಪೇ ಈ ವಿಧಿಯ ತಾಯಿಬೇರು.

ಇದನ್ನು ಬಳಸಿದ್ದು ಎರಡೇ ಸಲ. 1972ರಲ್ಲಿ ವಿಲಿ ಬ್ರಾಂಟ್ ವಿರುದ್ಧ ರೈನರ್ ಬಾರ್ಜೆಲ್‌ಗೆ 249 ಮತ ಬೇಕಿತ್ತು, ಬಂದದ್ದು 247. 1982ರಲ್ಲಿ ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದರು. ಸ್ಪೇನ್ ಇದೇ ನಿಯಮವನ್ನು 1978ರ ಸಂವಿಧಾನಕ್ಕೆ ತಂದುಕೊಂಡಿತು. ಅಲ್ಲಿ ಅದು ಮೊದಲ ಸಲ ಫಲಿಸಿದ್ದು 2018ರಲ್ಲಿ, ಮರಿಯಾನೊ ರಹೋಯ್ ಹೋಗಿ ಪೆದ್ರೊ ಸಾಂಚೆಸ್ ಬಂದಾಗ.

ಮದ್ದಿಗೂ ಮಿತಿ ಇದೆ. ಸರ್ಕಾರ ಬೀಳದಂತೆ ತಡೆಯಬಲ್ಲದು, ಮಸೂದೆಗಳಿಗೆ ಬಹುಮತ ತಂದುಕೊಡಲಾರದು. 2024ರ ಕೊನೆಯಲ್ಲಿ ಮಿತ್ರಪಕ್ಷವನ್ನು ಕಳೆದುಕೊಂಡ ಓಲಾಫ್ ಶೋಲ್ಟ್ಸ್ ತಾವೇ ವಿಶ್ವಾಸಮತ ಕೇಳಿ, ಸೋತು, ಚುನಾವಣೆಗೆ ಹೋದರು.

ವಿಪ್ ಮೀರಿದರೆ ಸದಸ್ಯತ್ವವೇ ಹೋಗೋದು ಎಲ್ಲ ದೇಶದಲ್ಲೂ ಇದೆಯಾ?

ಇಲ್ಲ. ಹಳೆಯ ಪ್ರಜಾಪ್ರಭುತ್ವಗಳಲ್ಲಿ ಇದು ಅಪರೂಪ. 2019ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ 21 ಆಡಳಿತ ಪಕ್ಷದ ಸಂಸದರು ಬ್ರೆಕ್ಸಿಟ್ (ಯುರೋಪಿಯನ್ ಒಕ್ಕೂಟದಿಂದ ಹೊರಬರುವ) ವಿಷಯದಲ್ಲಿ ಸರ್ಕಾರದ ವಿರುದ್ಧ ಮತ ಹಾಕಿದರು. ಪಕ್ಷ ಅವರನ್ನು ಸಂಸದೀಯ ಗುಂಪಿನಿಂದ ಹೊರಹಾಕಿತು, ಆದರೆ ಸಂಸತ್ತಿನ ಸ್ಥಾನ ಹೋಗಲಿಲ್ಲ. ಜರ್ಮನಿಯ ಸಂವಿಧಾನವಂತೂ ಸದಸ್ಯರು ತಮ್ಮ ಆತ್ಮಸಾಕ್ಷಿಗೆ ಮಾತ್ರ ಬದ್ಧರು ಎಂದೇ ಹೇಳುತ್ತದೆ.

ಭಾರತ 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಪಕ್ಷಾಂತರ ನಿಷೇಧ ತಂದಿತು. ಮೂರನೇ ಒಂದರಷ್ಟು ಸದಸ್ಯರು ಒಡೆದು ಹೋದರೆ ಇದ್ದ ರಕ್ಷಣೆಯನ್ನು 2003ರಲ್ಲಿ ತೆಗೆದುಹಾಕಿತು. ಮೂರನೇ ಎರಡರಷ್ಟು ಸದಸ್ಯರು ವಿಲೀನಕ್ಕೆ ಒಪ್ಪುವ ದಾರಿ ಉಳಿಯಿತು. ಫಲ ಏನು? ಒಬ್ಬೊಬ್ಬರಾಗಿ ಹಾರುವುದು ಕಷ್ಟವಾಯಿತು, ಸಗಟು ಹಾರಾಟ ಉಳಿಯಿತು. ಜೊತೆಗೆ, ಸಾಮಾನ್ಯ ಮಸೂದೆಯ ಮೇಲೂ ಸದಸ್ಯರು ಸ್ವಂತ ಬುದ್ಧಿಯಿಂದ ಮತ ಹಾಕುವ ಸಾಧ್ಯತೆ ಹೋಯಿತು. ವಿಪ್ಪಿನ ಶಿಕ್ಷೆಯನ್ನು ವಿಶ್ವಾಸಮತ, ಬಜೆಟ್ಟುಗಳಿಗೆ ಮಾತ್ರ ಮಿತಿಗೊಳಿಸಿದರೆ ಒಳ್ಳೆಯದೆಂದು ವಾದಿಸುವವರ ಪಕ್ಷ ನಾನು.

ಅಮೆರಿಕದಲ್ಲಿ ಸರ್ಕಾರವೇ ಬಂದ್ ಆಗುತ್ತದಲ್ಲ, ಬೇರೆ ದೇಶಗಳಲ್ಲಿ ಯಾಕೆ ಆಗಲ್ಲ?

ಸಂಸದೀಯ ದೇಶದಲ್ಲಿ ಬಜೆಟ್ ಸೋತರೆ ಸರ್ಕಾರವೇ ಸೋತಂತೆ. ಬೇರೆ ಸರ್ಕಾರ ಬರುತ್ತದೆ ಅಥವಾ ಚುನಾವಣೆ ನಡೆಯುತ್ತದೆ, ಬಿಕ್ಕಟ್ಟು ಬಗೆಹರಿಯುತ್ತದೆ. ಅಮೆರಿಕದಲ್ಲಿ ಅಧ್ಯಕ್ಷರೂ ಕಾಂಗ್ರೆಸ್ಸೂ ಇಬ್ಬರೂ ನಿಗದಿತ ಅವಧಿಯವರು. ಒಬ್ಬರು ಇನ್ನೊಬ್ಬರನ್ನು ಮನೆಗೆ ಕಳಿಸಲಾರರು, ಹಾಗಾಗಿ ಯಾರು ಮೊದಲು ಕಣ್ಣು ಮಿಟುಕಿಸುತ್ತಾರೋ ನೋಡೋಣ ಎಂದು ಕೂರುತ್ತಾರೆ. 2018–19ರಲ್ಲಿ 35 ದಿನ ಹೀಗೆ ಕೂತರು, 2025ರಲ್ಲಿ 43 ದಿನ.

ಆದರೆ ಅಧ್ಯಕ್ಷೀಯ ಪದ್ಧತಿಯೊಂದೇ ಇದಕ್ಕೆ ಕಾರಣವಲ್ಲ. ಅಮೆರಿಕದಲ್ಲೇ 1980ಕ್ಕೆ ಮೊದಲು ಬಜೆಟ್ ತಡವಾದರೂ ಕಚೇರಿಗಳು ಸಾಮಾನ್ಯವಾಗಿ ನಡೆಯುತ್ತಿದ್ದವು. ಆ ವರ್ಷ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ, ಅನುಮೋದನೆ ಇಲ್ಲದೆ ಖರ್ಚು ಮಾಡುವುದು ಕಾನೂನುಬಾಹಿರ ಎಂದು ಕಟ್ಟುನಿಟ್ಟಿನ ವ್ಯಾಖ್ಯಾನ ಕೊಟ್ಟರು. ದಕ್ಷಿಣ ಕೊರಿಯಾದಲ್ಲೂ ಅಧ್ಯಕ್ಷೀಯ ಪದ್ಧತಿಯೇ ಇದೆ. ಅಲ್ಲಿ ಹೊಸ ಬಜೆಟ್ ಆಗದಿದ್ದರೆ ಹಿಂದಿನ ವರ್ಷದ್ದರಂತೆ ಅಗತ್ಯ ಖರ್ಚು ಮಾಡಬಹುದೆಂದು ಸಂವಿಧಾನವೇ ಬರೆದಿಟ್ಟಿದೆ. ಒಂದು ಸಾಲಿನ ನಿಯಮ, ಲಕ್ಷಾಂತರ ನೌಕರರ ಸಂಬಳ.

ಅಧ್ಯಕ್ಷೀಯ ಪದ್ಧತಿ ತಂದರೆ ಐದು ವರ್ಷ ಗಟ್ಟಿ ಸರ್ಕಾರ ಇರುತ್ತದೆ. ಅದೇ ಒಳ್ಳೇದಲ್ವಾ?

ಗಟ್ಟಿ ಇರುವುದು ಅಧ್ಯಕ್ಷರ ಕುರ್ಚಿ. ಆಡಳಿತ ಗಟ್ಟಿ ಇರುತ್ತದೆಂಬ ಖಾತರಿ ಇಲ್ಲ. ಸ್ಪ್ಯಾನಿಷ್ ಮೂಲದ ರಾಜಕೀಯ ಶಾಸ್ತ್ರಜ್ಞ ಹುವಾನ್ ಲಿನ್ಸ್ 1990ರಲ್ಲಿ ಮುಂದಿಟ್ಟ ವಾದ ಇದೇ: ಅಧ್ಯಕ್ಷರಿಗೂ ಶಾಸಕಾಂಗಕ್ಕೂ ಜನ ಪ್ರತ್ಯೇಕವಾಗಿ ಆದೇಶ ಕೊಟ್ಟಿರುತ್ತಾರೆ. ಇಬ್ಬರೂ ಜಗಳವಾಡಿದರೆ ಯಾರು ನಿಜವಾದ ಜನಪ್ರತಿನಿಧಿ ಎಂದು ತೀರ್ಮಾನಿಸಲು ಪ್ರಜಾಸತ್ತಾತ್ಮಕ ದಾರಿಯೇ ಇಲ್ಲ. ಚಿಲಿಯಲ್ಲಿ 1970ರಲ್ಲಿ ಸಾಲ್ವಡಾರ್ ಅಯೆಂದೆ ಶೇ 37ಕ್ಕೂ ಕಡಿಮೆ ಮತ ಪಡೆದು ಅಧ್ಯಕ್ಷರಾದರು, ಕಾಂಗ್ರೆಸ್ಸಿನಲ್ಲಿ ಬಹುಮತ ಇರಲಿಲ್ಲ. ಇಳಿಸಲೂ ಆಗದ, ಆಳಲೂ ಬಿಡದ ಸ್ಥಿತಿ 1973ರ ಸೆಪ್ಟೆಂಬರ್ 11ರ ಸೇನಾ ದಂಗೆಯಲ್ಲಿ ಮುಗಿಯಿತು. ದಂಗೆಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಕಟ್ಟಳೆಯೊಳಗೇ ಹೊರಬರುವ ಬಾಗಿಲು ಇರಲಿಲ್ಲ ಎಂಬುದನ್ನು ಅಲ್ಲಗಳೆಯಲಾಗದು.

ಬ್ರೆಜಿಲ್ 1993ರಲ್ಲಿ ಜನರನ್ನೇ ಕೇಳಿತು: ಅಧ್ಯಕ್ಷೀಯವೋ, ಸಂಸದೀಯವೋ? ರಾಜಪ್ರಭುತ್ವ ಬೇಕೇ ಎಂದೂ ಕೇಳಿತು! ಜನ ಅಧ್ಯಕ್ಷೀಯ ಗಣರಾಜ್ಯವನ್ನೇ ಆರಿಸಿದರು. ಆದರೆ 2018ರ ಚುನಾವಣೆಯಲ್ಲಿ ಕೆಳಮನೆಗೆ 30 ಪಕ್ಷಗಳು ಬಂದವು. ಅಧ್ಯಕ್ಷರು ಮಂತ್ರಿಗಿರಿ, ಅನುದಾನ ಹಂಚಿ ಸಮ್ಮಿಶ್ರ ಕೂಟ ಕಟ್ಟಬೇಕು. ಅಧ್ಯಕ್ಷೀಯ ಪದ್ಧತಿ ತಂದರೆ ಚೌಕಾಶಿ ತಪ್ಪುತ್ತದೆ ಎನ್ನುವವರು ಬ್ರೆಜಿಲ್ ರಾಜಧಾನಿ ಬ್ರಸೀಲಿಯಾದ ಕಡೆ ಒಮ್ಮೆ ನೋಡಬೇಕು. ಪೆರುವಿನಲ್ಲಿ 2020ರ ನವೆಂಬರ್‌ನಲ್ಲಿ ಹತ್ತು ದಿನಗಳೊಳಗೆ ಜನ ಮೂವರು ಅಧ್ಯಕ್ಷರನ್ನು ಕಂಡರು. ‘ನೈತಿಕ ಅಸಮರ್ಥತೆ’ ಎಂಬ ಸಡಿಲ ನೆಪದಲ್ಲಿ ಅಧ್ಯಕ್ಷರನ್ನು ಇಳಿಸುವ ದಾರಿ ಅಲ್ಲಿನ ಸಂವಿಧಾನದಲ್ಲಿದೆ.

ಎದುರು ಉದಾಹರಣೆಯೂ ಇದೆ. ಕೋಸ್ಟರಿಕಾ 1949ರಿಂದ ಅಧ್ಯಕ್ಷೀಯ ಪದ್ಧತಿಯಲ್ಲೇ ಶಾಂತವಾಗಿ ಅಧಿಕಾರ ಬದಲಿಸಿಕೊಂಡು ಬಂದಿದೆ. ಅಲ್ಲಿ ಸೈನ್ಯವೇ ಇಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಫ್ರಾನ್ಸಿನಲ್ಲಿ ಅಧ್ಯಕ್ಷರು, ಪ್ರಧಾನಿ ಇಬ್ಬರೂ ಇದ್ದಾರಲ್ಲ, ಯಾರು ದೊಡ್ಡವರು?

ಸಂಸತ್ತಿನಲ್ಲಿ ಬಹುಮತ ಯಾರ ಕಡೆಗಿದೆಯೋ ಅವರು. ಹಿಂದಿನ ಸಂವಿಧಾನದ ವ್ಯವಸ್ಥೆಯಾದ ನಾಲ್ಕನೇ ಗಣರಾಜ್ಯ 1946ರಿಂದ 1958ರವರೆಗಿನ ಹನ್ನೆರಡು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರಗಳನ್ನು ಕಂಡಿತ್ತು. ಅದಕ್ಕೆ ಬೇಸತ್ತು ಜನರಲ್ ಚಾರ್ಲ್ಸ್ ದ ಗಾಲ್ 1958ರಲ್ಲಿ ಬಲಿಷ್ಠ ಅಧ್ಯಕ್ಷರ ಐದನೇ ಗಣರಾಜ್ಯ ಕಟ್ಟಿದರು. 1962ರ ಜನಮತದಿಂದ ಅಧ್ಯಕ್ಷರ ನೇರ ಆಯ್ಕೆಯೂ ಬಂತು. ಸಂಸತ್ತೂ ಅಧ್ಯಕ್ಷರ ಪಕ್ಷದ ಕೈಯಲ್ಲಿದ್ದರೆ ಪ್ರಧಾನಿ ಕಾರ್ಯದರ್ಶಿಯಂತೆ. ವಿರೋಧಿಗಳ ಕೈಗೆ ಹೋದರೆ ಆಟವೇ ಬೇರೆ: 1986–88ರಲ್ಲಿ ಸಮಾಜವಾದಿ ಅಧ್ಯಕ್ಷ ಮಿತ್ತೆರಾಂ ಕೆಳಗೆ ಬಲಪಂಥೀಯ ಪ್ರಧಾನಿ ಶಿರಾಕ್, 1997–2002ರಲ್ಲಿ ಅಧ್ಯಕ್ಷರಾದ ಅದೇ ಶಿರಾಕ್ ಕೆಳಗೆ ಸಮಾಜವಾದಿ ಪ್ರಧಾನಿ ಜೋಸ್ಪಾಂ. ಆಗೆಲ್ಲ ಒಳಾಡಳಿತ ಪ್ರಧಾನಿಯದೇ.

ಈ ಇರುಸುಮುರುಸು ತಪ್ಪಿಸಲು 2000ದಲ್ಲಿ ಅಧ್ಯಕ್ಷರ ಅವಧಿಯನ್ನು ಏಳರಿಂದ ಐದು ವರ್ಷಕ್ಕಿಳಿಸಿ, ಸಂಸತ್ತಿನ ಚುನಾವಣೆಯನ್ನು ಅದರ ಬೆನ್ನಿಗೇ ಇಟ್ಟರು. ಎರಡು ದಶಕ ಅದು ಕೆಲಸ ಮಾಡಿತು. 2024ರಲ್ಲಿ ಅಧ್ಯಕ್ಷ ಮ್ಯಾಕ್ರಾನ್ ಅವಧಿಗೆ ಮುನ್ನ ಸದನ ವಿಸರ್ಜಿಸಿದರು, ಯಾರಿಗೂ ಬಹುಮತ ಬರಲಿಲ್ಲ. ಆ ಡಿಸೆಂಬರ್‌ನಲ್ಲಿ ಪ್ರಧಾನಿ ಬಾರ್ನಿಯೆ ಅವರ ಸರ್ಕಾರ ಅವಿಶ್ವಾಸಕ್ಕೆ ಬಿತ್ತು. 1962ರ ಬಳಿಕ ಹಾಗೆ ಬಿದ್ದ ಮೊದಲ ಸರ್ಕಾರ ಅದು. 2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಫ್ರಾಂಸ್ವಾ ಬೇರೂ ಅವರು ವಿಶ್ವಾಸಮತ ಸೋತರು. ನಾಲ್ಕನೇ ಗಣರಾಜ್ಯದ ಹಳೇ ವಾಸನೆ ಐದನೆಯದರಲ್ಲೂ ಬಡಿಯತೊಡಗಿತು.

ಅಧ್ಯಕ್ಷರೇ ಕಾನೂನು ಮೀರಿದರೆ ಯಾರು ತಡೆಯುತ್ತಾರೆ?

ಅಮೆರಿಕದಲ್ಲಿ ದೋಷಾರೋಪ ಹೊರಿಸುವುದು ಕೆಳಮನೆ, ವಿಚಾರಣೆ ಸೆನೆಟ್ಟಿನದು, ಪದಚ್ಯುತಿಗೆ ಮೂರನೇ ಎರಡರಷ್ಟು ಮತ ಬೇಕು. 1868ರಲ್ಲಿ ಆಂಡ್ರ್ಯೂ ಜಾನ್ಸನ್ ಒಂದು ಮತದಿಂದ ಉಳಿದರು. ಕ್ಲಿಂಟನ್ ಉಳಿದರು, ಟ್ರಂಪ್ ಎರಡು ಸಲ ಉಳಿದರು. ಮಹಾಭಿಯೋಗದಿಂದ ಇಂದಿನವರೆಗೆ ಅಲ್ಲಿ ಒಬ್ಬ ಅಧ್ಯಕ್ಷರೂ ಪದಚ್ಯುತರಾಗಿಲ್ಲ. 1974ರಲ್ಲಿ ನಿಕ್ಸನ್ ಆ ಹಂತಕ್ಕೆ ಮೊದಲೇ ರಾಜೀನಾಮೆ ಕೊಟ್ಟರು.

ದಕ್ಷಿಣ ಕೊರಿಯಾದಲ್ಲಿ ಕೊನೆಯ ಮಾತು ಸಾಂವಿಧಾನಿಕ ನ್ಯಾಯಾಲಯದ್ದು. 2024ರ ಡಿಸೆಂಬರ್ 3ರ ರಾತ್ರಿ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಸೈನಿಕರು ಸಂಸತ್ ಭವನದೊಳಗೆ ಬಂದಿದ್ದಾಗಲೇ, ಸೇರಿದ್ದ 190 ಸದಸ್ಯರೂ ಒಂದೇ ದನಿಯಲ್ಲಿ ಅದನ್ನು ತೆಗೆಯಬೇಕೆಂದು ಮತ ಹಾಕಿದರು. ಡಿಸೆಂಬರ್ 14ರಂದು ಮಹಾಭಿಯೋಗ ಅಂಗೀಕಾರವಾಗಿ ಅವರ ಅಧಿಕಾರ ಅಮಾನತಾಯಿತು. 2025ರ ಏಪ್ರಿಲ್ 4ರಂದು ನ್ಯಾಯಾಲಯದ ಎಂಟೂ ನ್ಯಾಯಾಧೀಶರು ಒಮ್ಮತದಿಂದ ಪದಚ್ಯುತಿ ಎತ್ತಿಹಿಡಿದರು, 60 ದಿನದೊಳಗೆ ಹೊಸ ಚುನಾವಣೆ ಆಯಿತು. 2017ರಲ್ಲಿ ಪಾರ್ಕ್ ಗುನ್ ಹೇ ಹೋದದ್ದೂ ಇದೇ ದಾರಿಯಲ್ಲಿ. ಎರಡು ದೇಶಗಳ ಅಂತರ ಇಲ್ಲೇ ಇದೆ: ಪಕ್ಷದ ಹಂಗಿರುವ ಸೆನೆಟರ್‌ಗಳ ಬದಲು ನ್ಯಾಯಾಧೀಶರು ತೀರ್ಪು ಕೊಡುತ್ತಾರೆ, ಆರೋಪ ಹೊತ್ತವರು ಅಷ್ಟರವರೆಗೆ ಕುರ್ಚಿಯಲ್ಲಿ ಕೂತಿರುವುದಿಲ್ಲ.

## ತಡೆಗಳು, ಗೋಡೆಗಳು

ಮೇಲ್ಮನೆ ಅಂದರೆ ಸೋತವರಿಗೆ ಆಶ್ರಯ. ಒಂದೇ ಸದನ ಸಾಲದೇ?

ಸಾಕು ಎಂದವರಿದ್ದಾರೆ. ನ್ಯೂಜಿಲೆಂಡ್ 1950ರಲ್ಲಿ, ಡೆನ್ಮಾರ್ಕ್ 1953ರಲ್ಲಿ, ಸ್ವೀಡನ್ 1970ರ ಹೊತ್ತಿಗೆ ಮೇಲ್ಮನೆಗೆ ಬೀಗ ಹಾಕಿದವು. ಮೂರೂ ಚೆನ್ನಾಗಿಯೇ ನಡೆಯುತ್ತಿವೆ. ಸಣ್ಣ, ಏಕೀಕೃತ ದೇಶಗಳಿಗೆ ಇದು ಹೊಂದುತ್ತದೆ.

ಒಕ್ಕೂಟ ದೇಶಗಳಲ್ಲಿ ಪ್ರಶ್ನೆ ಬದಲಾಗುತ್ತದೆ: ಮೇಲ್ಮನೆ ಯಾರ ದನಿ? ಜರ್ಮನಿಯ ಬುಂಡೆಸ್‌ರಾಟ್‌ನಲ್ಲಿ ಕೂರುವವರು ರಾಜ್ಯ ಸರ್ಕಾರಗಳ ಮಂತ್ರಿಗಳೇ. ಪ್ರತಿ ರಾಜ್ಯಕ್ಕೆ ಜನಸಂಖ್ಯೆಗೆ ತಕ್ಕಂತೆ 3ರಿಂದ 6 ಮತ, ಎಲ್ಲವನ್ನೂ ಒಟ್ಟಿಗೇ ಹಾಕಬೇಕು. ಸೋತ ಅಭ್ಯರ್ಥಿಗೆ ಅಲ್ಲಿ ಜಾಗವೇ ಇಲ್ಲ. ಅಮೆರಿಕದ ಸೆನೆಟ್ಟಿನಲ್ಲಿ 6 ಲಕ್ಷಕ್ಕೂ ಕಡಿಮೆ ಜನರಿರುವ ವಯೋಮಿಂಗ್‌ಗೂ 3.9 ಕೋಟಿಯಷ್ಟು ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬಿಬ್ಬರೇ. ಭಾರತದ ರಾಜ್ಯಸಭೆ ಇವೆರಡರ ನಡುವೆ ಎಲ್ಲೋ ನಿಂತಿದೆ. ಹಣಕಾಸು ಮಸೂದೆಯನ್ನು ಅದು 14 ದಿನಕ್ಕಿಂತ ಹೆಚ್ಚು ತಡೆಯಲಾಗದು. ಉಳಿದ ಮಸೂದೆಗಳಲ್ಲಿ ಜಗಳ ಬಿದ್ದರೆ ಜಂಟಿ ಅಧಿವೇಶನ ಉಂಟು, ಆದರೆ ಮಸೂದೆಗಾಗಿ ಅದು ನಡೆದದ್ದು 1961, 1978 ಮತ್ತು 2002ರಲ್ಲಿ ಮಾತ್ರ.

ಎರಡೂ ಸದನಕ್ಕೆ ಸಮಾನ ಬಲ ಕೊಟ್ಟು, ಸರ್ಕಾರ ಎರಡರ ವಿಶ್ವಾಸವನ್ನೂ ಗಳಿಸಬೇಕೆಂದು ಇಟ್ಟಿರುವುದು ಇಟಲಿ. 2020ರ ಜನಮತದ ಬಳಿಕ ಅದು ಒಟ್ಟು ಸಂಸದರನ್ನು 945ರಿಂದ 600ಕ್ಕೆ ಇಳಿಸಿತು. ತಲೆ ಕಡಿಮೆಯಾಯಿತು, ತಲೆನೋವು ಹಾಗೇ ಉಳಿಯಿತು.

ಬರೆದ ಸಂವಿಧಾನವೇ ಇಲ್ಲದೆ ಬ್ರಿಟನ್ ಹೇಗೆ ನಡೀತಿದೆ?

ಬರೆದದ್ದೇ ಇದೆ, ಆದರೆ ಒಂದೇ ಕಡೆ ಇಲ್ಲ. ಕಾಯ್ದೆಗಳು, ತೀರ್ಪುಗಳು, ನಡೆದುಬಂದ ಸಂಪ್ರದಾಯಗಳು ಎಲ್ಲ ಸೇರಿ ಆ ಕೆಲಸ ಮಾಡುತ್ತವೆ. ಸಂಪ್ರದಾಯಕ್ಕೆ ಮರ್ಯಾದೆ ಕೊಡುವವರೆಗೆ ಇದು ಸಲೀಸು. 2019ರಲ್ಲಿ ಬೋರಿಸ್ ಜಾನ್ಸನ್ ಬ್ರೆಕ್ಸಿಟ್ ಗಡುವಿನ ಮುಂದೆ ಐದು ವಾರ ಸಂಸತ್ತನ್ನು ಮುಚ್ಚಿಸಿದಾಗ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಒಮ್ಮತದಿಂದ ಅದು ಅಸಿಂಧು ಎಂದರು.

ಆರಿಸಿ ಬಾರದ ಜಡ್ಜುಗಳು ಆರಿಸಿ ಬಂದವರ ಕಾನೂನನ್ನು ಹೊಡೆದುಹಾಕೋದು ಸರಿಯೇ?

ಎಲ್ಲ ಪ್ರಜಾಪ್ರಭುತ್ವಗಳೂ ಇದನ್ನು ಒಪ್ಪಿಲ್ಲ. ನೆದರ್ಲೆಂಡ್ಸ್ ಸಂವಿಧಾನದ 120ನೇ ವಿಧಿ, ಸಂಸತ್ತಿನ ಕಾಯ್ದೆ ಸಂವಿಧಾನಬದ್ಧವೇ ಎಂದು ನೋಡದಂತೆ ನ್ಯಾಯಾಲಯಗಳನ್ನು ತಡೆಯುತ್ತದೆ. ಬ್ರಿಟನ್ನಿನ ನ್ಯಾಯಾಲಯ 1998ರ ಮಾನವ ಹಕ್ಕು ಕಾಯ್ದೆಯಡಿ ‘ಈ ಕಾನೂನು ಹಕ್ಕಿಗೆ ವಿರುದ್ಧ’ ಎಂದು ಘೋಷಿಸಬಹುದು, ರದ್ದು ಮಾಡಲಾಗದು. ಇನ್ನೊಂದು ತುದಿಯಲ್ಲಿ ಭಾರತ: 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 7–6ರ ಬಹುಮತದಿಂದ, ಸಂವಿಧಾನ ತಿದ್ದುಪಡಿಯೂ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂದಿತು. ಎರಡೇ ವರ್ಷದಲ್ಲಿ ತುರ್ತು ಪರಿಸ್ಥಿತಿ ಬಂದಾಗ ಆ ಒಂದು ಮತದ ಬೆಲೆ ತಿಳಿಯಿತು.

ನಡುವೆ ಕೆನಡಾ ಜಾಣ ದಾರಿ ಹಿಡಿದಿದೆ. 1982ರ ಹಕ್ಕುಪತ್ರದ 33ನೇ ವಿಧಿ ಪ್ರಕಾರ, ಕೆಲವು ಹಕ್ಕುಗಳ ವಿಷಯದಲ್ಲಿ ‘ಹಕ್ಕುಪತ್ರ ಏನೇ ಹೇಳಲಿ, ಈ ಕಾನೂನು ನಡೆಯುತ್ತದೆ’ ಎಂದು ಶಾಸಕಾಂಗ ಬಹಿರಂಗವಾಗಿ ಘೋಷಿಸಬಹುದು. ಐದು ವರ್ಷಕ್ಕೆ ಅದು ತಾನಾಗಿ ಸಾಯುತ್ತದೆ. ಅಷ್ಟರೊಳಗೆ ಒಂದು ಚುನಾವಣೆ ಬಂದಿರುತ್ತದೆ. ಮತದಾನದ ಹಕ್ಕಿನಂಥ ಕೆಲವನ್ನು ಹೀಗೆ ಮುಟ್ಟುವಂತಿಲ್ಲ.

ಜಡ್ಜುಗಳ ಅಧಿಕಾರಕ್ಕಿಂತ ಅವರ ನೇಮಕದ ಬಗ್ಗೆ ಹೆಚ್ಚು ಜಗಳವಾಡಬೇಕು ಎನ್ನುವುದು ನನ್ನ ಅನಿಸಿಕೆ. ಅಮೆರಿಕದಲ್ಲಿ ಜೀವಾವಧಿ ನೇಮಕ. ಆದ್ದರಿಂದ ಒಂದೊಂದು ತೆರವೂ ಯುದ್ಧ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯದಲ್ಲಿ 12 ವರ್ಷದ ಒಂದೇ ಅವಧಿ, ಆಯ್ಕೆಗೆ ಮೂರನೇ ಎರಡರಷ್ಟು ಮತ. ಯಾವ ಪಕ್ಷಕ್ಕೂ ತನ್ನವರನ್ನೇ ತುಂಬಲಾಗದು, ಎದುರಾಳಿ ಒಪ್ಪುವ ಹೆಸರನ್ನೇ ಹುಡುಕಬೇಕು.

ಸ್ವಿಜರ್ಲೆಂಡಿನ ಹಾಗೆ ಎಲ್ಲವನ್ನೂ ಜನರಿಗೇ ಬಿಟ್ಟರೆ?

ಅಲ್ಲಿ ಸಂಸತ್ತು ಮಾಡಿದ ಕಾನೂನಿನ ವಿರುದ್ಧ 100 ದಿನದಲ್ಲಿ 50,000 ಸಹಿ ಸೇರಿದರೆ ಜನಮತ ನಡೆಯಬೇಕು. ಸಂವಿಧಾನ ತಿದ್ದುಪಡಿಯನ್ನು ಜನರೇ ಮುಂದಿಡಲು 18 ತಿಂಗಳಲ್ಲಿ ಒಂದು ಲಕ್ಷ ಸಹಿ ಬೇಕು. ಈ ಭಯ ತಲೆಯ ಮೇಲಿರುವುದರಿಂದಲೇ ದೊಡ್ಡ ಪಕ್ಷಗಳೆಲ್ಲ ಏಳು ಮಂದಿಯ ಸಂಪುಟದಲ್ಲಿ ಜೊತೆಯಾಗಿ ಕೂರುತ್ತವೆ, ಅಧ್ಯಕ್ಷಗಿರಿ ವರ್ಷಕ್ಕೊಬ್ಬರಂತೆ ಸುತ್ತುತ್ತದೆ. ಹೊರಗಿಟ್ಟ ಪಕ್ಷ ಸಹಿ ಸಂಗ್ರಹಕ್ಕೆ ಇಳಿಯುತ್ತದಲ್ಲ!

ಇದಕ್ಕೆ ಕಪ್ಪು ಮುಖವೂ ಇದೆ. ಮಹಿಳೆಯರಿಗೆ ಮತದ ಹಕ್ಕು ಕೊಡಬೇಕೇ ಎಂದು 1959ರಲ್ಲಿ ಗಂಡಸರನ್ನು ಕೇಳಿದಾಗ ಮೂವರಲ್ಲಿ ಇಬ್ಬರು ಬೇಡ ಎಂದರು. ಹಕ್ಕು ಸಿಕ್ಕಿದ್ದು 1971ರಲ್ಲಿ. ಅಪೆನ್‌ಜೆಲ್ ಇನ್ನರ್‌ರೋಡನ್ ಪ್ರಾಂತ್ಯದ ಸ್ಥಳೀಯ ಮತದಾನದಲ್ಲಂತೂ 1990ರಲ್ಲಿ ನ್ಯಾಯಾಲಯವೇ ಬರಬೇಕಾಯಿತು.

ಜನಮತ ಕೇಳುವ ರೀತಿಯಲ್ಲೂ ಅಂತರವಿದೆ. 2016ರಲ್ಲಿ ಬ್ರಿಟನ್ ‘ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ’ ಎಂದು ಮಾತ್ರ ಕೇಳಿತು. ಬಿಟ್ಟು ಹೇಗೆ, ಯಾವ ಷರತ್ತಿನ ಮೇಲೆ ಎಂದು ಯಾರಿಗೂ ಗೊತ್ತಿರಲಿಲ್ಲ, ಆಮೇಲೆ ಮೂರು ವರ್ಷ ಅದೇ ಜಗಳ. ಐರ್ಲೆಂಡ್ ಗರ್ಭಪಾತದ ವಿಷಯದಲ್ಲಿ ಮೊದಲು 99 ಸಾಮಾನ್ಯ ನಾಗರಿಕರನ್ನು ಆಯ್ದು ತಿಂಗಳುಗಟ್ಟಲೆ ಚರ್ಚೆಗೆ ಕೂರಿಸಿತು, ಗೆದ್ದರೆ ಬರಲಿರುವ ಕಾನೂನಿನ ರೂಪುರೇಷೆಯನ್ನೂ ಮುಂಚಿತವಾಗಿ ಪ್ರಕಟಿಸಿತು. 2018ರಲ್ಲಿ ಗರ್ಭಪಾತದ ನಿಷೇಧ ತೆಗೆಯಲು ಮತ ಹಾಕಿದವರಲ್ಲಿ ಶೇ 66 ಜನ ಒಪ್ಪಿದರು, ಮರುದಿನ ಗೊಂದಲ ಇರಲಿಲ್ಲ.

ಒಂದು ದೇಶದಲ್ಲಿ ಚೆನ್ನಾಗಿ ನಡೆದದ್ದನ್ನು ಇನ್ನೊಂದು ದೇಶ ಹಾಗೇ ಎತ್ತಿಕೊಂಡರೆ ಏನಾಗುತ್ತದೆ?

ಕೆಲವೊಮ್ಮೆ ಬೇರು ಹಿಡಿಯುತ್ತದೆ. ಕೆಲವೊಮ್ಮೆ ಪಕ್ಷಗಳು ಕಂಡಿ ಹುಡುಕುವುದರಲ್ಲಿ ಕಾನೂನು ಮಾಡಿದವರಿಗಿಂತ ಚುರುಕು. ದಕ್ಷಿಣ ಕೊರಿಯಾ 2020ರ ಚುನಾವಣೆಗೆ ಮುನ್ನ ಜರ್ಮನಿ, ನ್ಯೂಜಿಲೆಂಡ್ ಮಾದರಿಯ ನಿಯಮವನ್ನು ಭಾಗಶಃ ತಂದಿತು. ಕ್ಷೇತ್ರಗಳಲ್ಲಿ ಹೆಚ್ಚು ಗೆದ್ದ ಪಕ್ಷಕ್ಕೆ ಪಟ್ಟಿಯ ಸ್ಥಾನಗಳಲ್ಲಿ (ಪಕ್ಷದ ಮತಕ್ಕೆ ತಕ್ಕಂತೆ ಅದರ ಪಟ್ಟಿಯಿಂದ ತುಂಬುವವು) ಕಡಿತ, ಸಣ್ಣ ಪಕ್ಷಗಳಿಗೆ ಅದರ ಲಾಭ ಎಂಬುದು ಆಶಯ. ಎರಡೂ ದೊಡ್ಡ ಪಕ್ಷಗಳು ಏನು ಮಾಡಿದವು? ಪಟ್ಟಿಗೆ ಮಾತ್ರ ಸ್ಪರ್ಧಿಸುವ ಬಾಲಂಗೋಚಿ ಪಕ್ಷಗಳನ್ನು ಹುಟ್ಟುಹಾಕಿದವು. ಕಾಗದದ ಮೇಲೆ ಅವು ಬೇರೆ ಪಕ್ಷ, ಕ್ಷೇತ್ರಗಳಲ್ಲಿ ಒಂದನ್ನೂ ಗೆಲ್ಲದ್ದರಿಂದ ಕಡಿತವಿಲ್ಲ. ಸಣ್ಣ ಪಕ್ಷಗಳಿಗೆ ಮೀಸಲಾಗಬೇಕಿದ್ದ ಸ್ಥಾನಗಳಲ್ಲಿ ಹೆಚ್ಚಿನವನ್ನು ಬಾಚಿಕೊಂಡು, ಚುನಾವಣೆಯ ಬಳಿಕ ಮಾತೃಪಕ್ಷದಲ್ಲಿ ಕರಗಿಹೋದವು. 2024ರ ಚುನಾವಣೆಗೆ ಹೊತ್ತಾದಾಗ ನಿಯಮ ಹಾಗೇ ಇತ್ತು. ಬಾಲಂಗೋಚಿಗಳೂ ಹೊಸ ಹೆಸರಿಟ್ಟುಕೊಂಡು ಮರಳಿ ಬಂದವು.